ದೇವರು ಕೆಲವರನ್ನೇ ಆರಿಸಿಕೊಂಡರೆ ಅದು ನ್ಯಾಯವಾ? ಅಯ್ಯನವರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ವಂದನೆ. ಹೋದ ವಾರ ಬೈಬಲ್ ಸ್ಟಡಿಯಲ್ಲಿ ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯ ಓದಿದೆವು. ಯಾಕೋಬ, ಏಸಾವ ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ದೇವರು ಒಬ್ಬನನ್ನು ಆರಿಸಿಕೊಂಡ ಅನ್ನುವ ಭಾಗ. ಅವತ್ತಿನಿಂದ ಗ್ರೂಪ್‌ನಲ್ಲಿ ಇದೇ ಜಗಳ. ಅಯ್ಯನವರು ಸಭೆಗಳಲ್ಲಿ ಸೇವೆ ಮಾಡಿ, ಆಮೇಲೆ ಸೆಮಿನರಿಯಲ್ಲಿ ಪಾಠ ಹೇಳಿದವರು. ಇವತ್ತು ಸಂಜೆ ಉತ್ತರ ಕೊಡಲು ಒಪ್ಪಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಕೊಳ್ಳೇಗಾಲ ಬ್ರದರ್: ಕರ್ತನಿಗೆ ಸ್ತೋತ್ರ ಅಯ್ಯನವರೇ. ಶಿಷ್ಯನಾಗಿದ್ದ ಯೂದ ಇಸ್ಕಾರಿಯೋತನು ಯೇಸುವನ್ನು ಶತ್ರುಗಳಿಗೆ ಹಿಡಿದುಕೊಡಬೇಕು ಅಂತ ಮೊದಲೇ ಬರೆದಿತ್ತು. ಹಾಗಿದ್ದ ಮೇಲೆ ಅವನದೇನು ತಪ್ಪು?

ಅಯ್ಯನವರು: ಮತ್ತಾಯ 26:24 ಓದಿ. ಬರೆದಿರುವ ಹಾಗೆ ಆಗುತ್ತದೆ ಅನ್ನುವುದೂ, ಹಿಡಿದುಕೊಡುವವನ ಗತಿಯನ್ನು ಏನು ಹೇಳಲಿ ಅನ್ನುವುದೂ ಒಂದೇ ವಚನದಲ್ಲಿದೆ. ಯೇಸು ಎರಡನ್ನೂ ಬಿಡಲಿಲ್ಲ. ಯೂದನನ್ನು ಊಟದ ಪಂಕ್ತಿಗೆ ಸೇರಿಸದೆ ಬಿಡಲೂ ಇಲ್ಲ, ಅವನ ಕಾಲನ್ನೂ ತೊಳೆದರು. ನಾನು ಅಷ್ಟಕ್ಕೇ ನಿಲ್ಲುತ್ತೇನೆ.

ಅನಾಮಿಕ ಸದಸ್ಯೆ: ಅಯ್ಯನವರೇ, ಹೆಸರು ಹಾಕುವುದಿಲ್ಲ. ನನ್ನ ಮಗ ತಿಂಗಳು ತುಂಬುವ ಮೊದಲೇ ಹುಟ್ಟಿದ್ದ. ಆಸ್ಪತ್ರೆಯ ಕಾವಿನ ಪೆಟ್ಟಿಗೆಯಲ್ಲೇ ಇಟ್ಟಿದ್ದರು. ಪಕ್ಕದಲ್ಲಿ ಒಂದು ಗುಂಡು ಕಿಂಡಿ ಇರುತ್ತದಲ್ಲ, ಅದರಲ್ಲಿ ಕೈ ಹಾಕಲು ನರ್ಸ್ ಬಿಡುತ್ತಿದ್ದರು. ಅವನು ನನ್ನ ಬೆರಳು ಹಿಡಿದುಕೊಳ್ಳುತ್ತಿದ್ದ. ಎರಡು ವಾರ ತುಂಬುವ ಮೊದಲೇ ಹೋದ. ದೀಕ್ಷಾಸ್ನಾನ ಆಗಿರಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಪ್ರಾರ್ಥನೆಗೆ ಬಂದಿದ್ದ ಒಬ್ಬರು, "ಜೀವಬಾಧ್ಯರ ಪುಸ್ತಕದಲ್ಲಿ ಹೆಸರು ಇರಲಿಲ್ಲ ಅನ್ನಿಸುತ್ತದೆ, ಲೋಕ ಸೃಷ್ಟಿಗೆ ಮೊದಲೇ ನಿಶ್ಚಯ ಆಗಿರುತ್ತದೆ, ಅಳಬೇಡ" ಅಂದರು. ರಕ್ಷಣೆ ಹೊಂದುವವರ ಹೆಸರೆಲ್ಲ ಆ ಪುಸ್ತಕದಲ್ಲಿರುತ್ತದಂತೆ. ರೋಮಾ 9 ಓದಿ ತೋರಿಸಿದರು. ಅವತ್ತಿನಿಂದ ನನಗೆ ಬೈಬಲ್ ತೆರೆಯಲು ಕೈ ಬರುತ್ತಿಲ್ಲ. ನಿಜವಾಗಿಯೂ ಹಾಗೆ ಬರೆದಿದೆಯಾ?

ಅಯ್ಯನವರು: ಇಲ್ಲ ಅಮ್ಮಾ. ಹಾಗೆ ಬರೆದಿಲ್ಲ. ಅವರು ನಿಮಗೆ ಹೇಳಿದ್ದು ತಪ್ಪು. ಹೇಳಿದ ಹೊತ್ತೂ ತಪ್ಪು, ಮಾತೂ ತಪ್ಪು.

ಸ್ವಲ್ಪ ಉದ್ದ ಬರೆಯುತ್ತೇನೆ, ನಿಧಾನವಾಗಿ ಓದಿ. ದೇವರ ಆಯ್ಕೆಯ ಬಗ್ಗೆ ತುಂಬಾ ಕಟ್ಟುನಿಟ್ಟಾಗಿ ಕಲಿಸಿದವರು ಯಾರು ಅಂತ ಕೇಳಿದರೆ ಎಲ್ಲರೂ ಕ್ಯಾಲ್ವಿನ್ ಹೆಸರು ಹೇಳುತ್ತಾರೆ. 16ನೇ ಶತಮಾನದ ಪ್ರೊಟೆಸ್ಟಂಟ್ ಗುರು, ಜಿನೀವಾದ ಜಾನ್ ಕ್ಯಾಲ್ವಿನ್. ಅವರಿಗೂ ಅವರ ಹೆಂಡತಿ ಇಡೆಲೆಟ್‌ಗೂ 1542ರಲ್ಲಿ ಒಬ್ಬ ಮಗ ಹುಟ್ಟಿದ. ಜಾಕ್ ಅಂತ ಹೆಸರು. ಅವನೂ ತಿಂಗಳು ತುಂಬದೆ ಹುಟ್ಟಿದ ಮಗು, ಸ್ವಲ್ಪ ದಿನಕ್ಕೇ ತೀರಿಕೊಂಡ. ಕ್ಯಾಲ್ವಿನ್ ತಮ್ಮ ಗೆಳೆಯನಿಗೆ ಕಾಗದ ಬರೆದು, ಇದು ಬಹಳ ಕಹಿಯಾದ ಗಾಯ, ಆದರೆ ದೇವರೂ ಒಬ್ಬ ತಂದೆ, ತನ್ನ ಮಕ್ಕಳಿಗೆ ಏನು ಒಳ್ಳೆಯದು ಅಂತ ಆತನಿಗೆ ಗೊತ್ತು ಅನ್ನುವ ಅರ್ಥದ ಮಾತು ಹೇಳಿದರು. ಮಗುವಿನ ಹೆಸರು ಪಟ್ಟಿಯಲ್ಲಿತ್ತಾ ಇಲ್ಲವಾ ಅಂತ ಲೆಕ್ಕ ಹಾಕಲಿಲ್ಲ. ದೀಕ್ಷಾಸ್ನಾನ ಸಿಗದೆ ಹೋದ ಮಗು ನಾಶವಾಗುತ್ತದೆ ಅನ್ನುವ ಮಾತನ್ನು ಅವರು ತಮ್ಮ ದೊಡ್ಡ ಗ್ರಂಥದಲ್ಲೇ ತಳ್ಳಿಹಾಕಿದ್ದಾರೆ.

ಅವರ ನಂತರದವರನ್ನು ನೋಡಿ. ನೆದರ್‌ಲ್ಯಾಂಡ್ಸ್‌ನ ಡಾರ್ಡ್ರೆಕ್ಟ್ ಊರಿನಲ್ಲಿ 1618-19ರಲ್ಲಿ ಒಂದು ಸಿನೊಡ್, ಅಂದರೆ ಸಭೆಗಳ ಪ್ರತಿನಿಧಿಗಳ ಕೂಟ, ಸೇರಿತ್ತು. ಆಯ್ಕೆಯ ಸಿದ್ಧಾಂತವನ್ನು ಅದಕ್ಕಿಂತ ಬಿಗಿಯಾಗಿ ಬರೆದಿಟ್ಟ ಸಭೆ ಇನ್ನೊಂದಿಲ್ಲ. ಆ ತೀರ್ಮಾನಗಳ ಮೊದಲ ಭಾಗದ 17ನೇ ಕಲಮು ಪೂರ್ತಿ ನಿಮ್ಮ ಪ್ರಶ್ನೆಯ ಬಗ್ಗೆಯೇ ಇದೆ. ದೇವರು ಶಿಶುವಾಗಿರುವಾಗಲೇ ಕರೆದುಕೊಂಡ ತಮ್ಮ ಮಕ್ಕಳ ಆಯ್ಕೆ, ರಕ್ಷಣೆ ಎರಡರ ಬಗ್ಗೆಯೂ ದೈವಭಕ್ತ ತಂದೆತಾಯಿಗಳು ಸಂಶಯಪಡಬಾರದು ಅಂತ ಅಲ್ಲಿದೆ. ನಿಮ್ಮ ಮನೆಗೆ ಬಂದವರು ಯಾವ ಸಿದ್ಧಾಂತದ ಹೆಸರಲ್ಲಿ ಮಾತಾಡಿದರೋ ಆ ಸಿದ್ಧಾಂತವೇ ಅವರ ಬಾಯಿ ಮುಚ್ಚಿಸುತ್ತದೆ.

ಇನ್ನೊಂದನ್ನು ಮುಚ್ಚಿಡುವುದಿಲ್ಲ. ಹಳೆಯ ಕಾಲದ ಸಭಾಗುರು ಅಗಸ್ಟೀನರು ದೀಕ್ಷಾಸ್ನಾನವಿಲ್ಲದ ಶಿಶುಗಳಿಗೂ ದಂಡನೆ ಇದೆ, ಆದರೆ ಎಲ್ಲಕ್ಕಿಂತ ಹಗುರವಾದದ್ದು ಅಂತ ಕಲಿಸಿದರು. ದೊಡ್ಡವರು, ಆದರೂ ಈ ವಿಷಯದಲ್ಲಿ ನಾನು ಅವರ ಜೊತೆ ಹೋಗುವುದಿಲ್ಲ. ಸಭೆಯೂ ಅಲ್ಲೇ ನಿಂತುಬಿಡಲಿಲ್ಲ. 1646ರ ವೆಸ್ಟ್‌ಮಿನ್‌ಸ್ಟರ್ ಅರಿಕೆಯಲ್ಲಿ "ಆರಿಸಲ್ಪಟ್ಟ ಶಿಶುಗಳು" ಅಂತ ಇದೆ. ಅದನ್ನು ಓದಿ, ಹಾಗಾದರೆ ಆರಿಸಲ್ಪಡದ ಶಿಶುಗಳೂ ಇವೆಯಾ ಅಂತ ಜನ ಹೆದರಿದರು. 1903ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆ, ಶಿಶುವಾಗಿ ಸತ್ತ ಯಾರೂ ನಾಶವಾಗುತ್ತಾರೆ ಅಂತ ಇದರ ಅರ್ಥವಲ್ಲ ಅಂತ ಬರೆದು ಸೇರಿಸಿತು. ಕಥೋಲಿಕ ಸಭೆಯಲ್ಲಿ ಲಿಂಬೊ, ಅಂದರೆ ಅಂಥ ಶಿಶುಗಳು ಸ್ವರ್ಗವೂ ಅಲ್ಲದ, ನರಕದ ಯಾತನೆಯೂ ಇಲ್ಲದ ಜಾಗದಲ್ಲಿರುತ್ತವೆ ಅನ್ನುವ ಮಾತು ಬಹಳ ಕಾಲ ನಡೆದಿತ್ತು. ಅವರ ದೇವತಾಶಾಸ್ತ್ರಜ್ಞರ ಆಯೋಗ 2007ರಲ್ಲಿ, ಈ ಮಕ್ಕಳ ರಕ್ಷಣೆಯನ್ನು ನಿರೀಕ್ಷಿಸಲು ಗಟ್ಟಿ ಕಾರಣಗಳಿವೆ ಅಂತ ಹೇಳಿತು.

ಇನ್ನು ರೋಮಾ 9. ಆ ಅಧ್ಯಾಯ ಶುರುವಾಗುವುದೇ ಪತ್ರ ಬರೆದ ಪೌಲನ ದುಃಖದಿಂದ. ತನ್ನ ಸ್ವಂತ ಜನ, ಇಸ್ರಾಯೇಲರು, ಕ್ರಿಸ್ತನನ್ನು ಒಪ್ಪಲಿಲ್ಲ ಅಂತ ಅವನ ಎದೆ ಒಡೆದಿದೆ. ಅವರಿಗೋಸ್ಕರ ನಾನೇ ಶಾಪಗ್ರಸ್ತನಾದರೂ ಸರಿ ಅನ್ನುತ್ತಾನೆ. ಅವನ ಪ್ರಶ್ನೆ, ದೇವರು ಕೊಟ್ಟ ಮಾತು ಬಿದ್ದುಹೋಯಿತಾ ಅಂತ. ಪೆಟ್ಟಿಗೆಯಲ್ಲಿರುವ ಒಂದು ಮಗುವಿನ ಗತಿ ಅಲ್ಲಿ ವಿಷಯವೇ ಅಲ್ಲ. ಅದೇ ವಾದ 10, 11ನೇ ಅಧ್ಯಾಯಗಳಲ್ಲಿ ಮುಂದುವರಿದು 11:32ಕ್ಕೆ ಬಂದು ನಿಲ್ಲುತ್ತದೆ. ಎಲ್ಲರಿಗೂ ಕರುಣೆ ತೋರಿಸಬೇಕು ಅಂತಲೇ ದೇವರು ಎಲ್ಲರನ್ನೂ ಅವಿಧೇಯತೆಯಲ್ಲಿ ಸೇರಿಸಿಟ್ಟ ಅನ್ನುವ ವಚನ ಅದು. 9ನ್ನು ಹರಿದು ತಂದು ಸಾವಿನ ಮನೆಯಲ್ಲಿ ಓದುವವರು 11ನ್ನೂ ಓದಬೇಕಿತ್ತು.

ಏಸಾವನ ಕಥೆಯೂ ಅಷ್ಟೇ. "ನಿನ್ನ ಗರ್ಭದಲ್ಲಿ ಎರಡು ಜನಾಂಗಗಳಿವೆ" ಅಂತ ದೇವರು ರೆಬೆಕ್ಕಳಿಗೆ ಹೇಳಿದ್ದು ಆದಿಕಾಂಡ 25ರಲ್ಲಿ. ಏಸಾವನನ್ನು ದ್ವೇಷಿಸಿದೆನು ಅಂತ ಪೌಲ ರೋಮಾ 9ರಲ್ಲಿ ಎತ್ತಿ ಹೇಳುವ ಮಾತು ಬರುವುದು ಎಷ್ಟೋ ಶತಮಾನ ಕಳೆದು ಮಲಾಕಿಯನ ಪುಸ್ತಕದಲ್ಲಿ, ಅದೂ ಏಸಾವನ ಸಂತತಿಯವರ ಎದೋಮ್ ದೇಶದ ಬಗ್ಗೆ. ಏಸಾವ ಅನ್ನುವ ಮನುಷ್ಯನಿಗೆ ಹೆಂಡತಿ ಮಕ್ಕಳು, ಹಿಂಡು, ಸೀಮೆ ಎಲ್ಲಾ ಇತ್ತು. ಆದಿಕಾಂಡ 33ರಲ್ಲಿ ಮೋಸ ಮಾಡಿದ ತಮ್ಮನನ್ನು ಓಡಿಬಂದು ಅಪ್ಪಿಕೊಂಡವನು ಅವನೇ. ಆರಿಸಲ್ಪಟ್ಟ ಯಾಕೋಬ ಅವತ್ತು ಹೆದರಿ ಏಳು ಸಲ ನೆಲಕ್ಕೆ ಬಗ್ಗುತ್ತಾ ಬಂದಿದ್ದ. ಬೈಬಲಿನಲ್ಲಿ ದೇವರು ಒಬ್ಬನನ್ನು ಆರಿಸುವುದು ಅವನ ಮೇಲೆ ಒಂದು ಕೆಲಸ ಹೊರಿಸಲು. ಅಬ್ರಹಾಮನನ್ನು ಕರೆದದ್ದು ಭೂಮಿಯ ಎಲ್ಲಾ ಕುಲಗಳಿಗೆ ಆಶೀರ್ವಾದ ಆಗಲಿ ಅಂತ. ಉಳಿದವರನ್ನು ಎಸೆಯಲಿಕ್ಕೆ ಅಲ್ಲ.

ಎಫೆಸ 1:4ರಲ್ಲಿ ಲೋಕಕ್ಕೆ ಮೊದಲೇ ಆರಿಸಿಕೊಂಡ ಅಂತ ಇರುವುದು ನಿಜ. ಆದರೆ "ಕ್ರಿಸ್ತನಲ್ಲಿ" ಅಂತ ಇದೆ. ಸ್ವಿಸ್ ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತ್ 1942ರಲ್ಲಿ ಬರೆದ ಸಂಪುಟದಲ್ಲಿ ಇದನ್ನೇ ಹಿಡಿದುಕೊಂಡರು. ಆರಿಸುವ ದೇವರೂ ಯೇಸುವೇ, ಆರಿಸಲ್ಪಟ್ಟ ಮನುಷ್ಯನೂ ಯೇಸುವೇ, ತಿರಸ್ಕಾರವನ್ನು ಶಿಲುಬೆಯಲ್ಲಿ ತಾನೇ ಹೊತ್ತವನೂ ಅವನೇ. ಅವನ ಹಿಂದೆ ಗುಟ್ಟಾಗಿ ಇನ್ನೊಂದು ಪಟ್ಟಿ ಇಟ್ಟುಕೊಂಡ ಇನ್ನೊಬ್ಬ ದೇವರಿಲ್ಲ. ನಾನು ಇದನ್ನು ನಂಬುತ್ತೇನೆ. ಮಕ್ಕಳನ್ನು ನನ್ನ ಹತ್ತಿರ ಬರಗೊಡಿಸಿ ಅಂದವನ ಕೈಯಲ್ಲಿ ನಿಮ್ಮ ಮಗ ಇದ್ದಾನೆ.

ಅಳಬೇಡಿ ಅಂತ ಹೇಳುವುದಿಲ್ಲ, ಅಳಿ. ಬೈಬಲ್ ತೆರೆಯಲು ಆಗದಿದ್ದರೆ ಸದ್ಯಕ್ಕೆ ಬೇಡ, ನಿಮ್ಮ ಪರವಾಗಿ ನಾವು ಓದುತ್ತೇವೆ. ಮಗುವಿಗೆ ಹೆಸರಿಟ್ಟಿದ್ದೀರಾ?

ರಿಫಾರ್ಮ್ಡ್ ಬೆಂಗಳೂರು: ಅಯ್ಯನವರೇ, ಆ ಸಿಸ್ಟರ್ ಬಗ್ಗೆ ನನಗೂ ದುಃಖವಿದೆ. ಆದರೆ ನೀವು ಸಾಂತ್ವನಕ್ಕಾಗಿ ಸಿದ್ಧಾಂತ ಸಡಿಲ ಮಾಡುತ್ತಿದ್ದೀರಿ. ಬಾರ್ತ್ ಹೇಳಿದ್ದನ್ನು ಎಳೆದರೆ ಎಲ್ಲರಿಗೂ ರಕ್ಷಣೆ ಅಂತ ಆಗುತ್ತದೆ. ರೋಮಾ 9:20 ಏನು ಹೇಳುತ್ತದೆ? ದೇವರಿಗೆ ಎದುರು ಮಾತಾಡಲು ನೀನು ಯಾರು ಮನುಷ್ಯನೇ ಅಂತ. ಕುಂಬಾರನಿಗೆ ಮಣ್ಣಿನ ಮೇಲೆ ಹಕ್ಕಿಲ್ಲವಾ?

ಅಯ್ಯನವರು: ಬಾರ್ತ್ ಬಗ್ಗೆ ಆ ಆಕ್ಷೇಪಣೆ ಹಳೆಯದು, ಅದರಲ್ಲಿ ಹುರುಳೂ ಇದೆ. ಅವರು ಎಲ್ಲರಿಗೂ ರಕ್ಷಣೆ ಆಗಿಯೇ ತೀರುತ್ತದೆ ಅಂತ ಹೇಳಲು ಒಪ್ಪಲಿಲ್ಲ. ಹಾಗೆ ನಿರೀಕ್ಷಿಸಬಾರದು ಅಂತಲೂ ಹೇಳಲಿಲ್ಲ. 9:20ನ್ನು ಪೌಲ ವಾದ ಹೂಡುವವನಿಗೆ ಬರೆದ, ಅಳುವವಳಿಗೆ ಅಲ್ಲ. ಸರ್ವಲೋಕಕ್ಕೆ ನ್ಯಾಯ ತೀರಿಸುವವನು ನ್ಯಾಯ ನಡಿಸಬಾರದೋ ಅಂತ ಅಬ್ರಹಾಮ ಎದುರಿಗೇ ಕೇಳಿದ. ದೇವರು ಗದರಿಸಲಿಲ್ಲ. ಕಷ್ಟಕ್ಕೆ ಸಿಕ್ಕ ಯೋಬ ತನ್ನ ಹೆಸರಿನ ಪುಸ್ತಕದ ಉದ್ದಕ್ಕೂ ಅದನ್ನೇ ಕೇಳಿದ. ದೇವರ ಪರವಾಗಿ ವಾದ ಮಾಡಿದ ಸ್ನೇಹಿತರ ಮೇಲೆಯೇ ಕೊನೆಗೆ ದೇವರ ಕೋಪ ಬಂತು, ಯೋಬ 42:7. ಕುಂಬಾರನ ಮಾತಿಗೆ ಯೆರೆಮೀಯ 18 ಕೂಡ ಓದಿ. ಅಲ್ಲಿ ಕೆಟ್ಟ ಮಡಕೆಯನ್ನು ಕುಂಬಾರ ಎಸೆಯುವುದಿಲ್ಲ, ಅದೇ ಮಣ್ಣಿನಿಂದ ಇನ್ನೊಂದು ಮಾಡುತ್ತಾನೆ.

ಬೀದರ್ ಮೆಥಡಿಸ್ಟ್: ಆಮೆನ್. ನಮ್ಮ ಮೆಥಡಿಸ್ಟ್ ಪಂಥ ಶುರುಮಾಡಿದ ವೆಸ್ಲಿ 1739ರಲ್ಲೇ ಹೇಳಿದ್ದಾರೆ, ಈ ಸಿದ್ಧಾಂತ ದೇವರನ್ನು ಸೈತಾನನಿಗಿಂತ ಕೆಟ್ಟವನನ್ನಾಗಿ ಮಾಡುತ್ತದೆ ಅಂತ.

ರಿಫಾರ್ಮ್ಡ್ ಬೆಂಗಳೂರು: ವೆಸ್ಲಿ ಹೇಳಿದರೆ ಆಯಿತಾ? ಸುಲಭವಾಗಿ ಹೇಳುತ್ತೇನೆ. ಇಬ್ಬರು ಸಾಲಗಾರರಿದ್ದಾರೆ. ಸಾಲ ಕೊಟ್ಟವನು ಒಬ್ಬನ ಸಾಲ ಮನ್ನಾ ಮಾಡಿ ಇನ್ನೊಬ್ಬನಿಂದ ವಸೂಲು ಮಾಡಿದರೆ ಯಾರಿಗೆ ಅನ್ಯಾಯ? ಒಬ್ಬನಿಗೆ ಕರುಣೆ, ಇನ್ನೊಬ್ಬನಿಗೆ ನ್ಯಾಯ. ಅನ್ಯಾಯ ಯಾರಿಗೂ ಇಲ್ಲ.

ಬೀದರ್ ಮೆಥಡಿಸ್ಟ್: ಸಾಲಗಾರನನ್ನು ಹುಟ್ಟಿಸಿದವನೂ, ಅವನು ಸಾಲ ಮಾಡಲೇಬೇಕು ಅಂತ ನಿಶ್ಚಯಿಸಿದವನೂ ಅದೇ ಧಣಿ ಅಂತ ತಾನೇ ನೀವು ಹೇಳುವುದು? ಆಗ ವಸೂಲಿಗೆ ಯಾವ ಹಕ್ಕು?

ಅಯ್ಯನವರು: ಸಾಲದ ಮಾತು ಅಗಸ್ಟೀನರದು. ಸುಮಾರು 396ರಲ್ಲಿ ಮಿಲಾನಿನ ಸಿಂಪ್ಲಿಶಿಯನ್ನರ ಪ್ರಶ್ನೆಗೆ ಉತ್ತರ ಬರೆಯುವಾಗ ಹೇಳಿದ್ದು. ಅದು ಅರ್ಧ ದಾರಿಗೆ ಮಾತ್ರ ಬರುತ್ತದೆ. ವಸೂಲಿಗೆ ಒಳಗಾದವನು ಯಾಕೆ ದೂರುವಂತಿಲ್ಲ ಅಂತ ಅದು ಹೇಳುತ್ತದೆ. ಎಲ್ಲರ ಸಾಲವನ್ನೂ ಮನ್ನಾ ಮಾಡಬಲ್ಲವನು ಕೆಲವರದನ್ನೇ ಯಾಕೆ ಮಾಡಿದ ಅಂತ ಹೇಳುವುದಿಲ್ಲ. ಅಗಸ್ಟೀನರೂ ಅಲ್ಲಿಗೆ ಬಂದಾಗ, ಅದು ಮನುಷ್ಯರ ಅಳತೆಗೆ ಸಿಗದ ನ್ಯಾಯ ಅಂತ ಹೇಳಿ ನಿಲ್ಲಿಸುತ್ತಾರೆ. ಬೀದರಿನವರು ಒಂದು ಗಮನಿಸಿ. ಕೆಟ್ಟದ್ದಕ್ಕೂ ದೇವರೇ ಜನರನ್ನು ನೇಮಿಸುತ್ತಾನೆ ಅನ್ನುವ ಮಾತನ್ನು 529ರಲ್ಲಿ ಈಗಿನ ಫ್ರಾನ್ಸಿನ ಆರೆಂಜ್ ಊರಿನಲ್ಲಿ ಸೇರಿದ ಸಭೆ ಶಾಪ ಹಾಕಿ ತಳ್ಳಿಹಾಕಿತು. ಕೃಪೆಯೇ ಮೊದಲು ಅಂತ ಅಗಸ್ಟೀನರ ಪರವಾಗಿ ತೀರ್ಮಾನ ಮಾಡಿದ ಅದೇ ಸಭೆ.

ಗದಗ ಸಿಸ್ಟರ್: ಪ್ರೈಸ್ ದ ಲಾರ್ಡ್. ನನಗೆ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ. "ನೀವು ಆರಿಸಲ್ಪಟ್ಟವರು ಅನ್ನುವುದಕ್ಕೆ 7 ಗುರುತುಗಳು. ರಾತ್ರಿ ಮೂರು ಗಂಟೆಗೆ ಎಚ್ಚರವಾಗುವುದು, ಅಂಗೈ ಬಿಸಿಯಾಗುವುದು, ಒಂದೇ ನಂಬರ್ ಮತ್ತೆ ಮತ್ತೆ ಕಾಣುವುದು... 12 ಜನರಿಗೆ ಕಳಿಸಿ, ನಿಮ್ಮ ಹೆಸರು ಜೀವಬಾಧ್ಯರ ಪುಸ್ತಕದಲ್ಲಿ ಭದ್ರ."

ಅಯ್ಯನವರು: ಇದನ್ನು ಯಾರಿಗೂ ಕಳಿಸಬೇಡಿ. ರಾತ್ರಿ ದಿನಾ ಎಚ್ಚರವಾಗುತ್ತಿದ್ದರೆ, ಅಂಗೈ ಉರಿಯುತ್ತಿದ್ದರೆ ಶುಗರ್ ಪರೀಕ್ಷೆ ಮಾಡಿಸಿ. ಇಂಥ ಮೆಸೇಜ್ ನಂಬಿ ಮಾತ್ರೆ ಬಿಟ್ಟವರನ್ನು ನಾನು ನೋಡಿದ್ದೇನೆ. ಹನ್ನೆರಡು ಜನರಿಗೆ ಮೆಸೇಜ್ ಕಳಿಸಿ ದೇವರ ಕೃಪೆ ಕೊಳ್ಳಲು ಆಗುವುದಿಲ್ಲ.

ಬಲ್ಮಠದ ಅಕ್ಕ: ಅಯ್ಯನವರೇ, ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ನಮ್ಮ ಮನೆಯಲ್ಲಿ ಮೊದಲು ದೀಕ್ಷಾಸ್ನಾನ ತೆಗೆದುಕೊಂಡವರು ಆಮೇಲಿನವರು. ಅವರ ಅಪ್ಪ ಅಮ್ಮ ಯೇಸುವಿನ ಹೆಸರನ್ನೇ ಕೇಳದೆ ತೀರಿಕೊಂಡರು. ಹಡಗು ಸ್ವಲ್ಪ ತಡವಾಗಿ ಬಂತು ಅಂತ ಅವರಿಗೆ ನರಕವಾ? ಸಂಡೇ ಸ್ಕೂಲಿನಲ್ಲಿ ಕೇಳಿದಾಗ ಸುಮ್ನೆ ಕೂರಿಸಿದರು.

ಅಯ್ಯನವರು: ಒಳ್ಳೆಯ ಪ್ರಶ್ನೆ, ಕೂರಿಸಬಾರದಿತ್ತು. ರೋಮಾ 2:14-16 ಓದಿ, ಮೋಶೆಯ ಧರ್ಮಶಾಸ್ತ್ರ ಸಿಗದವರ ಮನಸ್ಸಾಕ್ಷಿಯ ಬಗ್ಗೆ ಅಲ್ಲಿದೆ. ಅಥೇನೆಯಲ್ಲಿ ಪೌಲ, ಯಾರು ಯಾವ ಕಾಲದಲ್ಲಿ ಎಲ್ಲಿ ಬದುಕಬೇಕು ಅಂತ ದೇವರೇ ಗೊತ್ತುಮಾಡಿದ, ಆತನು ನಮ್ಮಲ್ಲಿ ಯಾರಿಗೂ ದೂರವಾದವನಲ್ಲ ಅಂತ ಹೇಳಿದ, ಅಪೊಸ್ತಲರ ಕೃತ್ಯಗಳು 17. ಅಬ್ರಹಾಮನನ್ನು ಆಶೀರ್ವದಿಸಿದ ಯಾಜಕ ಮೆಲ್ಕಿಜೆದೇಕನು ಇಸ್ರಾಯೇಲಿನವನಲ್ಲ, ಯೋಬನೂ ಅಲ್ಲ. 1964ರಲ್ಲಿ ಎರಡನೇ ವ್ಯಾಟಿಕನ್ ಸಭೆ, ತಮ್ಮ ತಪ್ಪಿಲ್ಲದೆ ಸುವಾರ್ತೆ ತಿಳಿಯದೆ, ಮನಸ್ಸಾಕ್ಷಿಯಂತೆ ದೇವರನ್ನು ಹುಡುಕಿದವರಿಗೂ ರಕ್ಷಣೆ ಸಾಧ್ಯ ಅಂತ ಹೇಳಿತು. ನಾವು ಪ್ರೊಟೆಸ್ಟಂಟರು ಹಾಗೆ ಒಂದೇ ಬಾಯಲ್ಲಿ ಹೇಳಿಲ್ಲ. ನಿಮ್ಮ ಹಿರಿಯರ ತೀರ್ಪು ಹಡಗಿನ ವೇಳಾಪಟ್ಟಿಯ ಕೈಯಲ್ಲಿಲ್ಲ, ಕ್ರಿಸ್ತನ ಕೈಯಲ್ಲಿದೆ.

ರಿಫಾರ್ಮ್ಡ್ ಬೆಂಗಳೂರು: ಹಾಗಾದರೆ ಮಿಷನರಿಗಳು ಯಾಕೆ ಬರಬೇಕಿತ್ತು?

ಬಲ್ಮಠದ ಅಕ್ಕ: ನಮ್ಮ ಮನೆಯವರಿಗೆ ಅಕ್ಷರ ಕಲಿಸಿದ್ದು, ಮನುಷ್ಯರ ಹಾಗೆ ಪಕ್ಕದಲ್ಲಿ ಕೂರಿಸಿಕೊಂಡದ್ದು, ಇವೆಲ್ಲ ನಿಮಗೆ ಲೆಕ್ಕಕ್ಕಿಲ್ಲವಾ ತಮ್ಮಾ?

ಕೊಳ್ಳೇಗಾಲ ಬ್ರದರ್: ಯೂದನ ಬಗ್ಗೆ ಇನ್ನೂ ಸ್ವಲ್ಪ ವಿವರಿಸಿ ಅಯ್ಯನವರೇ. ಅವನಿಗೆ ಬೇರೆ ದಾರಿ ಇತ್ತಾ?

ಅಯ್ಯನವರು: ಮೇಲೆ ಹೇಳಿದ್ದೇನೆ.

ಉಡುಪಿ ಗೆಳೆಯ: ನಮಸ್ಕಾರ. ನಾನು ಕ್ರೈಸ್ತನಲ್ಲ, ಗೆಳೆಯರು ಗ್ರೂಪ್‌ಗೆ ಸೇರಿಸಿದರು. ನಮ್ಮ ಮಧ್ವಾಚಾರ್ಯರ ಮತದಲ್ಲೂ ಜೀವರಲ್ಲಿ ಮೂರು ಬಗೆ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಇದು ಕ್ರೈಸ್ತರಿಂದ ಬಂದದ್ದು ಅಂತ ಕೆಲವು ಹಳೆಯ ವಿದ್ವಾಂಸರು ಬರೆದಿದ್ದರಂತೆ. ನಿಮ್ಮ ಅಭಿಪ್ರಾಯ?

ಅಯ್ಯನವರು: ಈ ಪ್ರಶ್ನೆ ಕೇಳಿದ್ದಕ್ಕೆ ಸಂತೋಷ. ಆ ವಿದ್ವಾಂಸರ ಊಹೆಗೆ ಗಟ್ಟಿ ಆಧಾರವಿಲ್ಲ, ಇವತ್ತು ಅದನ್ನು ಒಪ್ಪುವವರು ಕಡಿಮೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸವೇ ಜಾಸ್ತಿ. 13ನೇ ಶತಮಾನದ ಮಧ್ವರಿಗೆ ಜೀವ ಅನಾದಿ. ಅದರ ಯೋಗ್ಯತೆಯೂ ಅನಾದಿ, ದೇವರು ಹೊಸದಾಗಿ ತಂದುಹಾಕಿದ್ದಲ್ಲ. ವಿಷ್ಣು ಆ ಯೋಗ್ಯತೆ ಹೊರಬರುವಂತೆ ನಡೆಸುತ್ತಾನೆ. ಆದ್ದರಿಂದ ಒಬ್ಬ ಯಾಕೆ ಹೀಗೆ ಅಂತ ಕೇಳಿದರೆ, ಅದು ಅವನ ಸ್ವಭಾವ ಅನ್ನಬಹುದು. ಬ್ರಹ್ಮಸೂತ್ರದಲ್ಲಿ ದೇವರಿಗೆ ವೈಷಮ್ಯ, ನೈರ್ಘೃಣ್ಯ, ಅಂದರೆ ಪಕ್ಷಪಾತ, ನಿರ್ದಯೆ ಇದೆಯಾ ಅನ್ನುವ ಚರ್ಚೆ ಬರುತ್ತದಲ್ಲ, ಎರಡನೇ ಅಧ್ಯಾಯದ ಮೊದಲ ಪಾದದಲ್ಲಿ? ಜೀವರ ಕರ್ಮವನ್ನು ನೋಡಿಯೇ ದೇವರು ಫಲ ಕೊಡುವುದರಿಂದ ಆ ದೋಷ ಇಲ್ಲ ಅಂತ ಅಲ್ಲಿ ಉತ್ತರ.

ನಮಗೆ ಆ ಉತ್ತರ ಸಿಗುವುದಿಲ್ಲ. ನಮ್ಮ ನಂಬಿಕೆಯಲ್ಲಿ ಜೀವ ಅನಾದಿ ಅಲ್ಲ. ಇಲ್ಲದ್ದರಿಂದ ದೇವರೇ ಸೃಷ್ಟಿಸಿದ್ದು. ಹಿಂದಿನ ಜನ್ಮವೂ ಇಲ್ಲ. ಹುಟ್ಟುಕುರುಡನನ್ನು ಕಂಡು ಶಿಷ್ಯರು, ಪಾಪ ಇವನದಾ ಇವನ ತಂದೆತಾಯಿಯದಾ ಅಂತ ಕೇಳಿದಾಗ ಯೇಸು ಎರಡೂ ಅಲ್ಲ ಅಂದರು, ಯೋಹಾನ 9. ಹಾಗಾಗಿ ನ್ಯಾಯದ ಪ್ರಶ್ನೆ ನಮ್ಮಲ್ಲಿ ನೇರವಾಗಿ ದೇವರ ಮೇಲೆಯೇ ಬೀಳುತ್ತದೆ, ನಡುವೆ ತಡೆಯಲು ಏನೂ ಇಲ್ಲ. ಅದಕ್ಕೇ ನಮ್ಮವರು ಇಷ್ಟು ಶತಮಾನ ಒದ್ದಾಡಿದ್ದು. ಒಂದು ಕುತೂಹಲ. ತಮೋಯೋಗ್ಯರಿಗೆ ಎಂದೆಂದಿಗೂ ಬಿಡುಗಡೆ ಇಲ್ಲ ಅನ್ನುವುದನ್ನು ನಿಮ್ಮ ಮನೆಯ ಹಿರಿಯರು ಮಕ್ಕಳಿಗೆ ಹೇಗೆ ಹೇಳುತ್ತಿದ್ದರು?

ಉಡುಪಿ ಗೆಳೆಯ: ಅಜ್ಜ ಒಂದೇ ಮಾತು ಹೇಳುತ್ತಿದ್ದರು, ಯಾರು ಯಾವ ಬಗೆ ಅಂತ ನಿರ್ಣಯಿಸುವುದು ನಮ್ಮ ಕೆಲಸ ಅಲ್ಲ, ನೀನು ಸಂಧ್ಯಾವಂದನೆ ಮಾಡು ಅಂತ.

ಅಯ್ಯನವರು: ಈ ಗ್ರೂಪ್‌ನವರೂ ನಿಮ್ಮ ಅಜ್ಜನ ಮಾತು ಕೇಳಬೇಕು.

ಕುವೈತ್ ಅಣ್ಣ: ಇದು ಕ್ರೈಸ್ತರ ಗ್ರೂಪ್. ಬ್ರಹ್ಮಸೂತ್ರ ಇಲ್ಲಿ ಯಾಕೆ ಬಂತು?

ಬಲ್ಮಠದ ಅಕ್ಕ: ಕೇಳಿದ್ದಕ್ಕೆ ಉತ್ತರ ಕೊಟ್ಟರು. ನಿಮಗೆ ಬೇಡದಿದ್ದರೆ ಮುಂದಕ್ಕೆ ಹೋಗಿ.

ಕುವೈತ್ ಅಣ್ಣ: ಮುಂದಕ್ಕೇ ಹೋಗುತ್ತೇನೆ. ನನ್ನ ಪ್ರಶ್ನೆ. ಸೈತಾನ ತನಗೇ ತಿರುಗಿಬೀಳುತ್ತಾನೆ ಅಂತ ಗೊತ್ತಿದ್ದೂ ದೇವರು ಅವನನ್ನು ಯಾಕೆ ಸೃಷ್ಟಿಸಿದ?

ಅರಸೀಕೆರೆ ಟೀಚರ್: ಐಗುಪ್ತದ ಅರಸ ಫರೋಹನ ವಿಷಯ ಹೇಳಿ ಅಯ್ಯನವರೇ. ದೇವರೇ ಅವನ ಹೃದಯ ಕಠಿಣ ಮಾಡಿ, ಆಮೇಲೆ ದೇವರೇ ಶಿಕ್ಷೆ ಕೊಟ್ಟ. ಸಂಡೇ ಸ್ಕೂಲ್ ಮಕ್ಕಳು ಕೇಳಿದರೆ ಏನು ಹೇಳಲಿ?

ಅಯ್ಯನವರು: ಮಕ್ಕಳ ಜೊತೆ ವಿಮೋಚನಕಾಂಡ 7ರಿಂದ 10 ಕೂತು ಓದಿ. ದೇವರು ಐಗುಪ್ತಕ್ಕೆ ಕಳಿಸಿದ ಬಾಧೆಗಳಲ್ಲಿ ಕಪ್ಪೆಗಳು ಹೋದ ಮೇಲೆ ಫರೋಹ ತಾನೇ ಹೃದಯ ಕಠಿಣ ಮಾಡಿಕೊಂಡ. ನೊಣಗಳು ಹೋದ ಮೇಲೂ ತಾನೇ. ಈ ಬಾಧೆಗಳ ನಡುವೆ ಯೆಹೋವನೇ ಕಠಿಣಪಡಿಸಿದ ಅಂತ ಮೊದಲು ಬರುವುದು ಆರನೇ ಬಾಧೆಯಲ್ಲಿ, ಹುಣ್ಣುಗಳ ಸಮಯದಲ್ಲಿ. ತಾನು ಹಿಡಿದ ಹಟಕ್ಕೇ ಅವನನ್ನು ಬಿಟ್ಟುಕೊಟ್ಟ ಅಂತ ಬಹಳ ಜನ ವಿವರಿಸುತ್ತಾರೆ. 4:21ರಲ್ಲಿ ದೇವರು ಇದನ್ನು ಮೊದಲೇ ಹೇಳಿದ್ದೂ ಇದೆ, ಅದನ್ನು ಬಿಟ್ಟು ಓದಬೇಡಿ. ಫರೋಹನಿಗೆ ಇಟ್ಟಿಗೆ ಮಾಡುತ್ತಿದ್ದ ಇಸ್ರಾಯೇಲ್ ಗುಲಾಮರ ಕಡೆಯಿಂದಲೂ ಮಕ್ಕಳಿಗೆ ಕಥೆ ಹೇಳಿ. ಆ ಗುಲಾಮರು ಕೇಳುತ್ತಿದ್ದದ್ದೂ ನ್ಯಾಯವೇ.

ಬೀದರ್ ಮೆಥಡಿಸ್ಟ್: ಅಯ್ಯನವರು ಡಾರ್ಡ್ರೆಕ್ಟ್ ಸಿನೊಡ್ ಹೊಗಳಿದರು. ಆ ಸಿನೊಡ್ ಮುಗಿಯುತ್ತಿದ್ದ ಹಾಗೇ, 1619ರ ಮೇ ತಿಂಗಳಲ್ಲಿ, ಆ ಬಿಗಿ ಸಿದ್ಧಾಂತ ಒಪ್ಪದ ಅರ್ಮಿನಿಯನ್ ಪಕ್ಷಕ್ಕೆ ಬೆಂಬಲವಾಗಿದ್ದ ಓಲ್ಡನ್‌ಬಾರ್ನೆವೆಲ್ಟ್ ಅನ್ನುವ 71 ವರ್ಷದ ಮುದುಕ ರಾಜಕಾರಣಿಯ ತಲೆ ಕಡಿದರು. ಅದೇ ಪಕ್ಷದ ವಿದ್ವಾಂಸ ಗ್ರೋಶಿಯಸ್‌ನನ್ನು ಜೈಲಿಗೆ ಹಾಕಿದರು, ಅವನು ಪುಸ್ತಕದ ಪೆಟ್ಟಿಗೆಯಲ್ಲಿ ಅಡಗಿ ತಪ್ಪಿಸಿಕೊಂಡ. ಇದಾ ಕೃಪೆಯ ಸಿದ್ಧಾಂತ?

ರಿಫಾರ್ಮ್ಡ್ ಬೆಂಗಳೂರು: ಅದು ಆ ದೇಶದ ಸೇನೆ ನಡೆಸುತ್ತಿದ್ದ ಮಾರಿಸ್ ರಾಜಕುಮಾರನ ರಾಜಕೀಯ. ಸಿನೊಡ್ ತಲೆ ಕಡಿಯಲಿಲ್ಲ. ಇತಿಹಾಸ ಗೊತ್ತಿಲ್ಲದಿದ್ದರೆ ಸುಮ್ನಿರಿ.

ಬೀದರ್ ಮೆಥಡಿಸ್ಟ್: ಯೂಟ್ಯೂಬ್ ನೋಡಿ ಕಲಿತವರು ನನಗೆ ಇತಿಹಾಸ ಹೇಳಬೇಡಿ.

ರಿಫಾರ್ಮ್ಡ್ ಬೆಂಗಳೂರು: ನಿಮ್ಮ ಸಭೆಯಲ್ಲಿ ಸುವಾರ್ತೆ ಇದೆಯಾ ಅನ್ನುವುದೇ ನನಗೆ ಸಂಶಯ.

ಅಯ್ಯನವರು: ಇಬ್ಬರೂ ನಿಲ್ಲಿಸಿ. ನಾನು ಸಿನೊಡ್ ಹೊಗಳಲಿಲ್ಲ, ಮಗು ಕಳೆದುಕೊಂಡ ತಾಯಿಗೆ ಅದರ ಒಂದು ಕಲಮು ಓದಿ ಹೇಳಿದೆ. ತಲೆ ಕಡಿದದ್ದು ರಾಜಕೀಯ ನಿಜ. ಆ ರಾಜಕೀಯದ ನೆರಳಲ್ಲೇ ಸಿನೊಡ್ ಕೂತದ್ದೂ ನಿಜ. ಅರ್ಮಿನಿಯನ್ ಪಕ್ಷದ ಬಹಳ ಸಭಾಪಾಲಕರ ಕೆಲಸ ಹೋಯಿತು, ದೇಶವೂ ಬಿಡಬೇಕಾಯಿತು. ವೆಸ್ಲಿ ಮತ್ತು ಆಯ್ಕೆಯ ಸಿದ್ಧಾಂತ ನಂಬಿದ್ದ ಅವರ ಗೆಳೆಯ ವೈಟ್‌ಫೀಲ್ಡ್ ಇದೇ ವಿಷಯಕ್ಕೆ ಬೇರೆಬೇರೆ ಆದರು, ಮುದ್ರಿಸಿ ಹಂಚಿ ಜಗಳವಾಡಿದರು. 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಅವರ ಸ್ಮರಣೆಯ ಪ್ರಸಂಗ ಮಾಡಿದವರು ವೆಸ್ಲಿಯೇ. ನಿಮ್ಮಿಬ್ಬರಲ್ಲಿ ಒಬ್ಬರಾದರೂ ಆ ತಾಯಿಗೆ ಒಂದು ಸಾಂತ್ವನದ ಮಾತು ಬರೆದಿರಾ ಅಂತ ಮೇಲೆ ಹೋಗಿ ನೋಡಿಕೊಳ್ಳಿ.

ಅನಾಮಿಕ ಸದಸ್ಯೆ: ಅಯ್ಯನವರೇ, ಹೆಸರಿಟ್ಟಿದ್ದೆವು. ಸಮುವೇಲ. ಆಸ್ಪತ್ರೆಯ ಚೀಟಿಯಲ್ಲಿ ನನ್ನ ಹೆಸರು ಹಾಕಿ "ಬೇಬಿ ಆಫ್" ಅಂತಲೇ ಇದೆ.

ಅಯ್ಯನವರು: ಸಮುವೇಲ. ನಿಮ್ಮ ಸಭಾಪಾಲಕರಿಗೆ ಹೇಳಿ, ಭಾನುವಾರದ ಪ್ರಾರ್ಥನೆಯಲ್ಲಿ ಆ ಹೆಸರನ್ನೇ ಎತ್ತಿ ಹೇಳಲಿ. ಸಮಾಧಿಯ ಮೇಲೂ ಆ ಹೆಸರನ್ನೇ ಬರೆಸಿ. ಅವರು ಹಿಂದೆಮುಂದೆ ನೋಡಿದರೆ ನನಗೆ ತಿಳಿಸಿ, ನಾನು ಮಾತಾಡುತ್ತೇನೆ.

ಕೊಳ್ಳೇಗಾಲ ಬ್ರದರ್: ಯೂದ ಪಶ್ಚಾತ್ತಾಪಪಟ್ಟ ಅಂತ ಮತ್ತಾಯ 27ರಲ್ಲಿದೆಯಲ್ಲ, ಹಾಗಾದರೆ ಅವನಿಗೆ ಕ್ಷಮೆ ಸಿಕ್ಕಿತಾ?

ಅಡ್ಮಿನ್: ಬ್ರದರ್, ಒಬ್ಬರಿಗೆ ಒಂದೇ ಪ್ರಶ್ನೆ ಅಂತ ಹೇಳಿದ್ದೆ.

ಸೆಕೆಂಡ್ ಇಯರ್: ಅಯ್ಯನವರೇ, ಹಾಸ್ಟೆಲ್‌ನಿಂದ ಬರೆಯುತ್ತಿದ್ದೇನೆ. ಪ್ರಾರ್ಥನೆ ಮಾಡುವಾಗ ಪವಿತ್ರಾತ್ಮನ ಬಗ್ಗೆ ತುಂಬಾ ಕೆಟ್ಟ ಮಾತು ತಲೆಯಲ್ಲಿ ಬರುತ್ತದೆ. ಬೇಡ ಅಂದರೂ ಬರುತ್ತದೆ. ಕ್ಷಮೆ ಇಲ್ಲದ ಪಾಪ ಅದೇ ಅಂತ ಓದಿದೆ. ನಾನು ಆರಿಸಲ್ಪಟ್ಟವನಲ್ಲ, ಎಸೆಯಲ್ಪಟ್ಟವನು ಅಂತ ಈಗ ಖಚಿತ ಆಗಿದೆ. ನಿದ್ದೆ ಬರುತ್ತಿಲ್ಲ. ಊಟ ಸೇರುತ್ತಿಲ್ಲ. ಹೇಗೂ ನರಕವೇ ಅಂದ ಮೇಲೆ ಬದುಕಿ ಏನು ಅನ್ನಿಸುತ್ತದೆ.

ಗದಗ ಸಿಸ್ಟರ್: ತಮ್ಮಾ ಇದು ಕುಟುಂಬದ ಶಾಪ. 21 ದಿನ ಉಪವಾಸ ಮಾಡು, ಅಭಿಷೇಕದ ಎಣ್ಣೆ ಹಣೆಗೆ ಹಚ್ಚು. ನಮ್ಮ ಕಡೆ ಒಬ್ಬ ಬ್ರದರ್ ಇದ್ದಾರೆ, ದೆವ್ವ ಬಿಡಿಸುತ್ತಾರೆ, ವಿವರ ಕಳಿಸುತ್ತೇನೆ.

ಅಯ್ಯನವರು: ಗದಗದವರೇ, ಊಟ ಸೇರದ ಹುಡುಗನಿಗೆ 21 ದಿನ ಉಪವಾಸ ಹೇಳುತ್ತೀರಾ? ಇದರಿಂದ ಜೀವ ಹೋಗುತ್ತದೆ. ಅಡ್ಮಿನ್, ಆ ಮೆಸೇಜ್ ಈಗಲೇ ತೆಗೆಯಿರಿ. ಉಳಿದವರು ಯಾರೂ ಏನೂ ಬರೆಯಬೇಡಿ. ಸೈತಾನನ ಪ್ರಶ್ನೆ, ಯೂದನ ಪ್ರಶ್ನೆ ಯಾವುದೂ ಇವತ್ತು ಇಲ್ಲ.

ತಮ್ಮಾ, ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ಸಾಯಬೇಕು ಅಂತ ಅನ್ನಿಸಿದೆಯಾ? ಈಗ ರೂಮಿನಲ್ಲಿ ನಿನ್ನ ಜೊತೆ ಯಾರಿದ್ದಾರೆ? ಒಬ್ಬನೇ ಇದ್ದರೆ ಎದ್ದು ಪಕ್ಕದ ರೂಮಿಗೆ ಹೋಗು, ವಾರ್ಡನ್ ಹತ್ತಿರ ಹೋಗು. 14416ಕ್ಕೆ ಫೋನ್ ಮಾಡು. ಸರ್ಕಾರದ ಟೆಲಿ ಮಾನಸ್. ದುಡ್ಡು ಇಲ್ಲ, ರಾತ್ರಿಯೂ ತೆಗೆಯುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಅದು. ಆಮೇಲೆ ಇದನ್ನು ಓದು.

ಬೇಡ ಅಂದರೂ ನುಗ್ಗುವ ಮಾತು ನೀನು ಆಡಿದ ಮಾತಲ್ಲ. ಇದು ಒಂದು ಕಾಯಿಲೆಯಲ್ಲಿ ಹೀಗೇ ಬರುತ್ತದೆ, ಡಾಕ್ಟರು ಅದಕ್ಕೆ ಓಸಿಡಿ ಅನ್ನುತ್ತಾರೆ. ಭಕ್ತಿ ಇರುವವರಿಗೆ ಭಕ್ತಿಯ ವಿಷಯದಲ್ಲೇ ಬರುತ್ತದೆ, ಅವರು ಯಾವುದಕ್ಕೆ ಜಾಸ್ತಿ ಹೆದರುತ್ತಾರೋ ಅದರಲ್ಲೇ. ನಿನಗಿರುವುದು ಅದೇನಾ ಅಂತ ಡಾಕ್ಟರು ನೋಡಿ ಹೇಳಬೇಕು. ಅದಕ್ಕೆ ಚಿಕಿತ್ಸೆ ಇದೆ, ಮಾತ್ರೆ ಇದೆ, ವಾಸಿಯಾಗಿ ಓಡಾಡುತ್ತಿರುವವರು ನನಗೆ ಗೊತ್ತಿದ್ದಾರೆ. ಕ್ಷಮೆ ಇಲ್ಲದ ಪಾಪದ ಮಾತು ಮಾರ್ಕ 3ರಲ್ಲಿದೆ. ಯೇಸು ಜನರನ್ನು ವಾಸಿಮಾಡುವುದನ್ನು ಕಣ್ಣಾರೆ ನೋಡಿ, ಇದು ದೆವ್ವದ ಕೆಲಸ ಅಂತ ಧೈರ್ಯವಾಗಿ ಹೇಳಿದವರಿಗೆ ಹೇಳಿದ್ದು. ಅವರಿಗೆ ನಿದ್ದೆ ಕೆಟ್ಟಿರಲಿಲ್ಲ. ನಿನ್ನ ಹಾಗೆ ಹೆದರಿ ಅಳುವವನು ಆ ಪಾಪ ಮಾಡಿಲ್ಲ. ನನ್ನ ಬಳಿ ಬರುವವನನ್ನು ತಳ್ಳಿಬಿಡುವುದೇ ಇಲ್ಲ ಅಂತ ಯೋಹಾನ 6:37ರಲ್ಲಿ ಯೇಸು ಹೇಳಿದ್ದಾರೆ. ದೇವರು ಆರಿಸಿದ್ದಾನಾ ಅಂತ ತಿಳಿಯಲು ತಲೆಯೊಳಗೆ ಇಣುಕಬೇಡ, ಅಲ್ಲಿ ಉತ್ತರ ಸಿಗುವುದಿಲ್ಲ. ಕ್ರಿಸ್ತನನ್ನು ನೋಡು. ಕ್ಯಾಲ್ವಿನ್ನರೂ ಹೇಳಿದ್ದು ಅದನ್ನೇ.

ವಿಲಿಯಂ ಕೂಪರ್ ಅಂತ ಇಂಗ್ಲಿಷ್ ಕವಿ ಒಬ್ಬರಿದ್ದರು. ಅವರ ಗೀತೆಗಳನ್ನು ಸಭೆಗಳಲ್ಲಿ ಇವತ್ತಿಗೂ ಹಾಡುತ್ತಾರೆ. 1773ರಲ್ಲಿ ಅವರಿಗೂ ದೇವರು ನನ್ನನ್ನು ಎಸೆದಿದ್ದಾನೆ ಅನ್ನುವ ನಿಶ್ಚಯ ಬಂದುಬಿಟ್ಟಿತು. ಗೆಳೆಯ ಜಾನ್ ನ್ಯೂಟನ್ ಅವರ ಜೊತೆ ವಾದಕ್ಕೆ ಕೂರಲಿಲ್ಲ ಅಂತಲ್ಲ, ಆದರೆ ಮೊದಲು ತಿಂಗಳುಗಟ್ಟಲೆ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಆ ಕಾಲದಲ್ಲಿ ಈ ಕಾಯಿಲೆಗೆ ಔಷಧಿ ಇರಲಿಲ್ಲ. ನಿನಗೆ ಇದೆ.

ರಿಫಾರ್ಮ್ಡ್ ಬೆಂಗಳೂರು: ತಮ್ಮಾ, ಯಾವ ಊರಿನ ಹಾಸ್ಟೆಲ್? ಬೆಂಗಳೂರಾದರೆ ನಾನು ಈಗಲೇ ಹೊರಟು ಬರುತ್ತೇನೆ.

ಸೆಕೆಂಡ್ ಇಯರ್: ರೂಮ್‌ಮೇಟ್ ಬಂದ. ಅವನಿಗೆ ಹೇಳಿದೆ. ವಾರ್ಡನ್ ಹತ್ತಿರ ಹೋಗುತ್ತಿದ್ದೇವೆ. ಅಮ್ಮನಿಗೆ ಏನು ಹೇಳಲಿ ಗೊತ್ತಾಗುತ್ತಿಲ್ಲ.

ಅಯ್ಯನವರು: ಅಮ್ಮನಿಗೆ "ಹುಷಾರಿಲ್ಲ, ಬಾ" ಅಂತ ಅಷ್ಟೇ ಹೇಳು, ಸಾಕು. ಫೋನ್ ರೂಮ್‌ಮೇಟ್ ಕೈಗೆ ಕೊಡು, ವಾರ್ಡನ್ ಸಿಕ್ಕ ತಕ್ಷಣ ಅವನೇ ಇಲ್ಲಿ ಬರೆಯಲಿ. ನಾನು ಕೂತಿರುತ್ತೇನೆ.